ಹಳೇ ಸಿಂಗರ್ 28 ಕೈಮಷೀನು: ಕೌದಿ ಹೊಲಿಯುವವರು ತಗೋಬಹುದಾ?

ತಗೋಬಹುದು. ಆದರೆ ಯಾವ ಕೆಲಸಕ್ಕೆ ಅನ್ನೋದು ಮೊದಲೇ ಗೊತ್ತಿರಬೇಕು. ಹಳೇ ಬಟ್ಟೆಯ ಪದರ ಪೇರಿಸಿ ಹೊಲಿಯುವ ಹೊದಿಕೆಯಾದ ಕೌದಿಯ ಮೇಲ್ಹಾಸಿಗೆ ತುಣುಕು ಕೂಡಿಸಲು, ತೇಪೆ ಹಚ್ಚಲು, ಸುತ್ತ ಅಂಚು ಕಟ್ಟಲು ಇದರಷ್ಟು ಸಲೀಸಾದ ಮಷೀನು ನಾನು ಬೇರೆ ಕಂಡಿಲ್ಲ. ಇಡೀ ಕೌದಿಯನ್ನು ಪದರ ಸಮೇತ ಇದರಲ್ಲೇ ಹೊಲಿದು ಮುಗಿಸುತ್ತೇನೆ ಅನ್ನುವವರು ಮಾತ್ರ ದುಡ್ಡು ಹಾಕಬೇಡಿ. ಆ ಕೆಲಸ ಕೈಯದ್ದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಆ ಕೆಲಸಕ್ಕೆ ಮೋಟರಿನ ಮಷೀನು ಬೇರೆ ಇದೆ. ಹಳೇ ಕರೀ ಮಷೀನು, ಹಳೇ ಕೌದಿ ಕೂಡಿಡುವುದು ನನಗೆ ಮನಸ್ಸಿನ ಕೆಲಸ. ಮನೆಯಲ್ಲಿ ಈಗ ಈ 28 ಅಲ್ಲದೆ ಕಾಲಲ್ಲಿ ತುಳಿಯುವ ಒಂದು ಸಿಂಗರ್ 15, ನಮ್ಮ ಅತ್ತೆಯವರ ಉಷಾ ಇವೆ. ಮೂರರಲ್ಲೂ ಕೌದಿ ಕೆಲಸ ಮಾಡಿ ನೋಡಿಯೇ ಈ ಮಾತು ಬರೆಯುತ್ತಿದ್ದೇನೆ.

28 ನನಗೆ ಸಿಕ್ಕಿದ್ದು ಒಂದು ಗುಜರಿ ಅಂಗಡಿಯಲ್ಲಿ, 2,800 ರೂಪಾಯಿಗೆ. ಮರದ ಡಬ್ಬಿಯ ಮುಚ್ಚಳ ಇರಲಿಲ್ಲ. ಹಿಡಿಕೆ ಜಾಮ್ ಆಗಿತ್ತು. ಬಂಗಾರದ ಬಣ್ಣದ ಹೂಬಳ್ಳಿ ಬಲಗೈ ತಾಗುವ ಕಡೆ ಸವೆದು ಹೋಗಿತ್ತು, ಉಳಿದ ಕಡೆ ಚೆನ್ನಾಗಿತ್ತು. ನಾನು ಮೊದಲು ನೋಡಿದ್ದು ನಂಬರು. ಹಳೇ ಸಿಂಗರಿನಲ್ಲಿ ಮಷೀನಿನ ಹಾಸಿನ ಬಲಗಡೆ, ತೋಳು ಹೊತ್ತ ಕಂಬದ ಹತ್ತಿರ ನಂಬರು ಕೊರೆದಿರುತ್ತಾರೆ. ಬರೀ ಅಂಕಿ ಇದ್ದರೆ 1900ಕ್ಕಿಂತ ಹಿಂದಿನದು. ಮುಂದೆ ಇಂಗ್ಲಿಷ್ ಅಕ್ಷರ ಇದ್ದರೆ ಆಮೇಲಿನದು. ನನ್ನದು 'ವೈ' ಅಕ್ಷರದಿಂದ ಶುರುವಾಗುತ್ತದೆ. ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, 1920-30ರ ದಶಕದ್ದು. ನಮ್ಮೂರು ಆಗಿನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿನ ರೈಲು ಸ್ಟೇಷನ್ನಿಗೆ ಮಾತ್ರ ಇವತ್ತಿಗೂ ಸಿಂಗರ್ ಅಂತಲೇ ಹೆಸರು. ಕಾರ್ಖಾನೆ ಹೋಗಿ ಇಷ್ಟು ವರ್ಷವಾದರೂ ಅದರ ಮಷೀನು ನಮ್ಮ ಮನೆಯಲ್ಲಿ ಹೊಲಿಯುತ್ತಿದೆ ಅಂದರೆ ಆ ಕಬ್ಬಿಣಕ್ಕೆ ಕೈಮುಗಿಯಬೇಕು ಅನ್ನಿಸುತ್ತದೆ.

ರಿಪೇರಿಗೆ ಒಯ್ದದ್ದು ಚೌಕ್ ಹತ್ತಿರ ಕೂರುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ. ನಾವೆಲ್ಲ ಅವರಿಗೆ ಚಾಚಾ ಅನ್ನುತ್ತೇವೆ. ನಾನು ಹೂಬಳ್ಳಿ ತೋರಿಸುತ್ತಾ ನಿಂತಿದ್ದೆ. ಅವರು ಮಷೀನನ್ನೇ ಹಿಂದಕ್ಕೆ ಮಲಗಿಸಿದರು.

"ಅಕ್ಕಾ, ಬಣ್ಣ ಏನ್ ನೋಡ್ತೀರಿ, ಇದರ ಹೊಟ್ಟಿ ನೋಡ್ರಿ" ಅಂದರು.

ಹೊಟ್ಟೆಯೊಳಗೆ ಎಲ್ಲಾ ಕಡೆ ಜೇನಿನ ಬಣ್ಣದ ಅಂಟು. ಉಗುರು ಹಾಕಿ ಕೆರೆದರೆ ಸುರುಳಿಯಾಗಿ ಬರುತ್ತಿತ್ತು. ಚಾಚಾ ಮೂಸಿ ನೋಡಿ, "ಯಾರೋ ಕುಸುಬಿ ಎಣ್ಣಿ ಹಾಕ್ಯಾರ" ಅಂದರು. ನಮ್ಮ ಕಡೆ ಮನೆ ಮನೆಯಲ್ಲೂ ಇದು ನಡೆದಿದೆ. ಮಷೀನು ಕಿರಕಿರ ಅಂದರೆ ಅಡುಗೆಮನೆಯಿಂದ ನಾಲ್ಕು ಹನಿ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಅದಕ್ಕೇ ಅದನ್ನು ಬಣ್ಣ ತಯಾರಿಸಲೂ ಬಳಸುತ್ತಾರೆ. ಅಂಥ ಎಣ್ಣೆ ಕಬ್ಬಿಣದ ಸಂದಿಗೆ ಹೋದರೆ ಮೊದಲು ಮೆತ್ತಗೆ ಓಡಿಸುತ್ತದೆ, ಆಮೇಲೆ ಅಂಟಾಗಿ ಹಿಡಿದುಬಿಡುತ್ತದೆ. ಹಿಡಿಕೆ ಜಾಮ್ ಆಗಿದ್ದು ತುಕ್ಕಿನಿಂದಲ್ಲ, ಈ ಎಣ್ಣೆಯಿಂದ. ಚಾಚಾ ಸೀಮೆಎಣ್ಣೆ ಬಿಟ್ಟು ನೆನೆಸಿಟ್ಟರು. ಮಾರನೇ ದಿನ ಚಕ್ರ ಬೆರಳಲ್ಲಿ ತಿರುಗಿತು. ಆಮೇಲೆ ಒರೆಸಿ ಮಷೀನಿನ ತೆಳ್ಳನೆ ಎಣ್ಣೆ ಹಾಕಿದರು. ಒಟ್ಟು 600 ರೂಪಾಯಿ ತಗೊಂಡರು. ಕೆಲಸ ನೋಡಿದರೆ ಅದು ಕಡಿಮೆಯೇ.

ಹೊರಗಿನ ಕರೀ ಮೈ ಒರೆಸುವಾಗ ಸ್ಪಿರಿಟ್, ಸ್ಯಾನಿಟೈಸರ್ ಮಾತ್ರ ಮುಟ್ಟಿಸಬೇಡಿ. ಆ ಹೂಬಳ್ಳಿಯ ಮೇಲೆ ಅರಗಿನ ತೆಳ್ಳನೆ ಲೇಪ ಇರುತ್ತದೆ. ಸ್ಪಿರಿಟ್ ಬಿದ್ದರೆ ಅದು ಕರಗಿ, ಬಂಗಾರದ ಬಣ್ಣವೂ ಬಟ್ಟೆಗೆ ಹತ್ತಿಕೊಂಡು ಬರುತ್ತದೆ. ಮಷೀನಿನ ಎಣ್ಣೆಯನ್ನೇ ಹತ್ತಿಗೆ ಹಚ್ಚಿ ನಿಧಾನ ಒರೆಸಿದರೆ ಸಾಕು.

ಈಗ ಮಷೀನಿನ ಜೀವ ಇರುವ ಕಡೆ ಬರೋಣ. ನೀವು ನೋಡಿರುವ ಸಾಮಾನ್ಯ ಮಷೀನಿನಲ್ಲಿ ಬಾಬಿನ್, ಅಂದರೆ ಕೆಳಗಿನ ದಾರ ಸುತ್ತಿಡುವ ಉರುಳೆ, ದುಂಡಗಿರುತ್ತದೆ, ಕೇಸಿನಲ್ಲಿ ಕೂರುತ್ತದೆ. 28ರಲ್ಲಿ ಹಾಗಿಲ್ಲ. ಸೂಜಿಯ ಹತ್ತಿರದ ಬೆಳ್ಳಗಿನ ತಗಡು ಸರಿಸಿದರೆ ಕೆಳಗೆ ಬಂದೂಕಿನ ಗುಂಡಿನ ಆಕಾರದ ಒಂದು ಉಕ್ಕಿನ ಶಟಲ್ ಕಾಣುತ್ತದೆ. ಅದರ ಹೊಟ್ಟೆಯೊಳಗೆ ಉದ್ದನೆ ಕಡ್ಡಿಯಂಥ ಬಾಬಿನ್. ಎರಡೂ ತುದಿಗೆ ಚಿಕ್ಕ ಬಿಲ್ಲೆ ಇರುತ್ತದೆ, ಅಷ್ಟೇ. ದಾರವನ್ನು ಶಟಲಿನ ಸೀಳಿಗೆ ಎಳೆದು, ಸ್ಪ್ರಿಂಗಿನ ಕೆಳಗೆ ತೂರಿಸಬೇಕು. ಸರಿಯಾಗಿ ಕೂತಾಗ ಎಳೆದರೆ ದಾರ ಒಂದೇ ಹದದಲ್ಲಿ ಬರುತ್ತದೆ, ಜಗ್ಗುವುದಿಲ್ಲ, ಸುಮ್ನೆ ಜಾರುವುದೂ ಇಲ್ಲ.

ಹಿಡಿಕೆ ನಿಧಾನ ತಿರುಗಿಸಿ ಒಮ್ಮೆ ನೋಡಿ. ಸೂಜಿ ಕೆಳಗಿಳಿದು ಮೇಲೇಳುವಾಗ ದಾರ ಸಣ್ಣ ಕುಣಿಕೆಯಾಗುತ್ತದೆ. ಶಟಲ್ ಕಮಾನಿನಂತೆ ಬೀಸಿ ಬಂದು, ಚೂಪು ಮೂತಿಯನ್ನು ಆ ಕುಣಿಕೆಯೊಳಗೆ ಹಾಕಿ, ಇಡೀ ಮೈಯನ್ನೇ ಅದರಿಂದ ತೂರಿಸಿಕೊಂಡು ಹೋಗುತ್ತದೆ. ಮೇಲಿನ ದಾರ, ಕೆಳಗಿನ ದಾರ ಅಲ್ಲಿ ಗಂಟು ಹಾಕಿಕೊಳ್ಳುತ್ತವೆ. ಹಿಡಿಕೆಯ ಒಂದು ಸುತ್ತಿಗೆ ಮೂರು ಹೊಲಿಗೆ ಬೀಳುತ್ತದೆ. ನನ್ನ ಮಗಳ ಗೆಳತಿಯರು ಬಂದಾಗ ಆ ತಗಡು ತೆಗೆದಿಟ್ಟೇ ತಿರುಗಿಸಿ ತೋರಿಸುತ್ತೇನೆ. ಹೊಲಿಗೆ ಹೇಗೆ ಬೀಳುತ್ತದೆ ಅಂತ ಕಣ್ಣಲ್ಲೇ ಕಾಣುವ ಮಷೀನು ಇದು.

ಹಾಗಾಗಿ ಕೊಳ್ಳುವಾಗ ಶಟಲ್ ಇದೆಯಾ ಅಂತ ಮೊದಲು ನೋಡಬೇಕು. ಗುಜರಿಯಲ್ಲಿ ಬರುವ ಎಷ್ಟೋ 28ಗಳಲ್ಲಿ ಅದೇ ಇರುವುದಿಲ್ಲ. ಇದ್ದರೂ ಮೂತಿಯ ಮೇಲೆ ಬೆರಳ ತುದಿ ಆಡಿಸಿ. ಒಂದು ಚೂರು ಒರಟು ತಗುಲಿದರೂ ದಾರ ಹರಿಯುತ್ತಲೇ ಇರುತ್ತದೆ, ನೀವು ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಗಿಸುತ್ತಾ ತಲೆ ಕೆಡಿಸಿಕೊಳ್ಳುತ್ತೀರಿ. ಹಾಸಿನ ಮೇಲಿನ ಸರಿಸುವ ತಗಡುಗಳು ಎರಡೂ ಇರಬೇಕು. ಬಾಬಿನ್ ಒಂದಾದರೂ ಹಳೆಯದೇ ಇರಲಿ. ಯಾಕಂದರೆ ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಬಿಡಿಭಾಗದ ಅಂಗಡಿಗಳಲ್ಲಿ ನಾನು ಉದ್ದ ಬಾಬಿನ್ ಕೇಳಿದರೆ ದುಂಡನೆಯದೇ ತೋರಿಸಿದರು. ಆನ್‌ಲೈನಿನಲ್ಲಿ ಹೊಸದಾಗಿ ಮಾಡಿದ ಉದ್ದ ಬಾಬಿನ್ ಸಿಗುತ್ತವೆ. ನನಗೆ ಬಂದ ಕಟ್ಟಿನಲ್ಲಿ ಕೆಲವು ಸರಿ ಇದ್ದವು, ಕೆಲವು ಒಂದು ಕೂದಲೆಳೆ ಉದ್ದ ಇದ್ದು ಶಟಲಿನಲ್ಲಿ ಬಿಗಿಯಾದವು. ಹಳೆಯದೊಂದು ಪಕ್ಕದಲ್ಲಿಟ್ಟು ಅಳತೆ ನೋಡಿ ಆರಿಸಿಕೊಳ್ಳಬೇಕು.

ಸೂಜಿಯ ಚಿಂತೆ ಇಲ್ಲ. ಮನೆ ಮಷೀನುಗಳ ಚಪ್ಪಟೆ ಬೆನ್ನಿನ ಮಾಮೂಲಿ ಸೂಜಿಯೇ ಕೂರುತ್ತದೆ. ತೆಳ್ಳನೆ ಸೀರೆಗೆ 14, ಕೌದಿ ತೇಪೆಗೆ 16, ಅಂಚಿಗೆ 18ನೇ ನಂಬರ್ ಹಾಕುತ್ತೇನೆ.

ಕೌದಿಗೆ ಕೈಮಷೀನೇ ಯಾಕೆ ಅಂತ ಕೇಳಬಹುದು. ಕೌದಿ ಅಂದರೆ ಭಾರ. ಮೇಜಿನ ಮಷೀನಿನಲ್ಲಿ ಕೂತರೆ ಅದು ಅಂಚಿನಿಂದ ಕೆಳಗೆ ಜೋತುಬೀಳುತ್ತದೆ. ಆ ಭಾರ ಸೂಜಿಯನ್ನು ಜಗ್ಗುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ, ಸೂಜಿ ಮುರಿಯುವುದೂ ಉಂಟು. 28 ಚಿಕ್ಕದು, ಅಳತೆಯಲ್ಲಿ ದೊಡ್ಡ ಸಿಂಗರಿನ ಮುಕ್ಕಾಲು. ಪಡಸಾಲೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಟ್ಟು, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ, ಕೌದಿಯ ಭಾರವನ್ನೆಲ್ಲ ನೆಲವೇ ಹೊರುತ್ತದೆ. ನುಣುಪು ಕಲ್ಲಿನ ಮೇಲೆ ಬಟ್ಟೆ ತಾನೇ ಸರಿದುಕೊಂಡು ಬರುತ್ತದೆ. ಬಲಗೈ ಹಿಡಿಕೆಗೆ, ಎಡಗೈ ಬಟ್ಟೆಗೆ. ಮೂಲೆ ಬಂದಾಗ ಒಂದೊಂದೇ ಹೊಲಿಗೆ ಎಣಿಸಿ ಇಡಬಹುದು. ಮೋಟರಿನಲ್ಲಿ ಆ ಹಿಡಿತ ನನಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕಲಬುರಗಿ ಬೇಸಿಗೆ ಕಂಡವರಿಗೆ ಇದು ಸಣ್ಣ ಮಾತಲ್ಲ ಅಲ್ವಾ.

ಕೊರತೆಗಳೂ ಇವೆ. ಎಡಗೈ ಒಂದೇ ಬಟ್ಟೆ ನಡೆಸಬೇಕು, ಇದಕ್ಕೆ ಅಭ್ಯಾಸ ಬೇಕು. ಹಿಂದಕ್ಕೆ ಹೊಲಿಯುವ ಸೌಕರ್ಯ ಇಲ್ಲ. ಸಾಲು ಮುಗಿದಾಗ ಬಟ್ಟೆ ತಿರುಗಿಸಿ ನಾಲ್ಕು ಹೊಲಿಗೆ ವಾಪಸ್ ಹಾಕಬೇಕು, ಇಲ್ಲವೇ ದಾರ ಗಂಟು ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡದು ಜಾಗದ್ದು. ಸೂಜಿಗೂ ಕಂಬಕ್ಕೂ ನಡುವೆ ಜಾಗ ಕಮ್ಮಿ. ದೊಡ್ಡ ಕೌದಿಯನ್ನು ಸುರುಳಿ ಸುತ್ತಿ ತೋಳಿನ ಕೆಳಗೆ ತೂರಿಸಲು ಆಗುವುದಿಲ್ಲ. ಹಾಗಾಗಿ ಮೇಲ್ಹಾಸನ್ನು ನಾನು ಉದ್ದುದ್ದ ಪಟ್ಟಿಗಳಾಗಿ ಮಾಡಿಕೊಂಡು ಕೊನೆಗೆ ಕೂಡಿಸುತ್ತೇನೆ.

ಇನ್ನು ಪದರದ ಮಾತು. ನಮ್ಮ ಆಯಿಯ ಒಂದು ಕೌದಿ ನನ್ನ ಹತ್ತಿರ ಇದೆ. ಅದನ್ನೇ ಮುಂದೆ ಹಾಸಿಕೊಂಡು ಹೇಳುತ್ತೇನೆ. ಮೇಲೆ ಇಳಕಲ್ ಸೀರೆಯ ಒಡಲು, ಅದರ ಕೆಂಪು ಸೆರಗನ್ನು ಬೇರೆ ಕತ್ತರಿಸಿ ನಡುವೆ ಚೌಕ ಮಾಡಿ ಇಟ್ಟಿದ್ದಾಳೆ. ನಾಲ್ಕು ಮೂಲೆಗೆ ಖಣದ ತ್ರಿಕೋನ. ಒಂದು ಕಡೆ ಮುತ್ತ್ಯಾನ ಧೋತರದ ಅಂಚು ಕಾಣುತ್ತದೆ, ಇನ್ನೊಂದು ಕಡೆ ಯಾರದೋ ಖಾಕಿ ಚಡ್ಡಿಯ ಜೇಬು ಬಿಚ್ಚಿದ ಗುರುತು. ಬಟ್ಟೆ ಬಿಸಿಲಿಗೆ ಮಾಸಿದ್ದರೂ ಜೇಬಿದ್ದ ಜಾಗ ಮಾತ್ರ ಇನ್ನೂ ಗಾಢ ಖಾಕಿ. ಅಂಚಿನ ಹತ್ತಿರ ಹರಿದ ಕಡೆ ಬೆರಳು ಹಾಕಿದರೆ ಒಳಗೆ ಪದರದ ಮೇಲೆ ಪದರ, ಎಲ್ಲಾ ತೊಳೆದು ತೊಳೆದು ಮೆತ್ತಗಾದ ಹತ್ತಿ. ಈ ಎಲ್ಲವನ್ನೂ ಹಿಡಿದಿರುವುದು ಬೆರಳಗಲದ ಅಂತರದಲ್ಲಿ ಸಾಲು ಸಾಲಾಗಿ ಹೋದ ಕೈಹೊಲಿಗೆ. ದಾರ ಒಂದೊಂದು ಕಡೆ ಸಡಿಲ, ಒಂದೊಂದು ಕಡೆ ಬಿಗಿ. ಆ ಸಡಿಲದಲ್ಲೇ ಕೌದಿಯ ಮೆತ್ತಗಿನ ಗುಣ ಇರುವುದು. ಮೈಮೇಲೆ ಹೊದ್ದರೆ ಮೈಯ ಹಾಗೆ ಬಾಗುತ್ತದೆ.

ಅದೇ ಕೆಲಸ ಮಷೀನಿನಲ್ಲಿ ಮಾಡಿದರೆ? ಹಳೇ ಸೀರೆಗಳ ಪದರ ಪೇರಿಸಿ ಒಂದು ಸಣ್ಣ ಮಗುವಿನ ಕೌದಿ ಇದರಲ್ಲಿ ಹೊಲಿದು ನೋಡಿದೆ. ಎರಡು, ಮೂರು ಪದರಕ್ಕೆ 28 ಸಲೀಸಾಗಿ ಹೋಯಿತು. ಅದರ ಮೇಲೆ ಹೋದಂತೆ ತೊಂದರೆ. ಕೆಳಗಿರುವ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮುಂದೆ ತಳ್ಳುತ್ತವೆ, ಮೇಲಿನ ಬಟ್ಟೆಯನ್ನು ಪಾದ ಒತ್ತಿ ಹಿಡಿದಿರುತ್ತದೆ. ಕೆಳಗಿನದು ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸುಕ್ಕು. ಮೊದಲೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಪಾದದ ಒತ್ತು ಕಡಿಮೆ ಮಾಡಿ, ಹೊಲಿಗೆಯ ಅಳತೆ ಉದ್ದ ಇಟ್ಟರೆ ಸುಕ್ಕು ಎಷ್ಟೋ ಕಮ್ಮಿಯಾಗುತ್ತದೆ. ಆದರೂ ಮುಗಿದ ಮೇಲೆ ಕೌದಿ ಬಿರುಸು. ಹೊದ್ದರೆ ಮೈಗೆ ಅಂಟದೆ ದೂರ ನಿಲ್ಲುತ್ತದೆ. ನಮ್ಮ ಅತ್ತೆ ಅದನ್ನು ಮಡಿಚಿ ನೋಡಿ, "ಇದು ಹೊಚ್ಚಗೊಳ್ಳಾಕಲ್ಲ, ಹಾಸಾಕ ಆಗ್ತದ ನೋಡವಾ" ಅಂದರು. ಸರಿಯಾದ ಮಾತು. ಈಗ ಅದು ಹಾಸಿಗೆಯಾಗಿ ಚೆನ್ನಾಗಿದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಹಳೇ ಕೌದಿ ರಿಪೇರಿಗೆ ಪಾಲಿಯೆಸ್ಟರ್ ದಾರ ಹಾಕಬೇಡಿ. ಮೂವತ್ತು ನಲವತ್ತು ವರ್ಷ ತೊಳೆದ ಹತ್ತಿಗಿಂತ ಆ ದಾರ ಗಟ್ಟಿ. ಜಗ್ಗಿದಾಗ ದಾರ ಹರಿಯುವುದಿಲ್ಲ, ಬಟ್ಟೆ ಹರಿಯುತ್ತದೆ, ಅದೂ ಹೊಲಿಗೆಯ ಉದ್ದಕ್ಕೂ ನೇರವಾಗಿ. ಮಷೀನಿನ ಹೊಲಿಗೆ ಒತ್ತೊತ್ತಾಗಿ ಬಿದ್ದರಂತೂ ಸೂಜಿಯ ತೂತುಗಳೇ ಹರಿಯುವ ಗೆರೆಯಾಗುತ್ತವೆ. ನನ್ನ ಹತ್ತಿರ ರಿಪೇರಿಗೆ ಬರುವ ಕೌದಿಗಳಲ್ಲಿ ಎಷ್ಟೋ ಹಾಳಾಗಿರುವುದು ವಯಸ್ಸಿನಿಂದಲ್ಲ, ಯಾರೋ ಒಳ್ಳೇ ಮನಸ್ಸಿನಿಂದ ಮಾಡಿದ ಗಟ್ಟಿ ರಿಪೇರಿಯಿಂದ. ನೂಲಿನ ದಾರ ಕೇಳಿ ತಗೊಳ್ಳಿ. ತೇಪೆಯ ಬಟ್ಟೆಯೂ ಹಳೆಯದೇ ಇರಲಿ, ಹೊಸದಾದರೆ ತೊಳೆದು ಕುಗ್ಗಿಸಿ ಹಚ್ಚಿ. ಹೊಲಿಗೆ ಉದ್ದ ಇಡಿ. 28ರಲ್ಲಿ ಕಂಬದ ಬುಡದ ತಿರುಪಿನಲ್ಲಿ ಹೊಲಿಗೆಯ ಅಳತೆ ಇದೆ.

ಮೊದಲು ಊರೂರು ತಿರುಗಿ ಕೌದಿ ಹೊಲಿದುಕೊಡುವ ಗೋಂಧಳಿ ಸಮುದಾಯದ ಹೆಂಗಸರು ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು, ಮನೆಯವರು ಕೊಟ್ಟ ಹಳೇ ಬಟ್ಟೆ ಹಾಸಿ, ನೋಡನೋಡುತ್ತಲೇ ಸಾಲು ಹಾಕುತ್ತಿದ್ದರು. ಅವರ ಕೈಗೆ ಮಷೀನಿನ ಅಗತ್ಯವೇ ಇರಲಿಲ್ಲ. ಈಗಲೂ ನಿಮ್ಮ ಓಣಿಗೆ ಅಂಥವರು ಬಂದರೆ ಮೇಲ್ಹಾಸನ್ನು ನೀವು ಮಷೀನಿನಲ್ಲಿ ಕೂಡಿಸಿಟ್ಟು, ಪದರ ಹೊಲಿಯಲು ಅವರಿಗೇ ಕೊಡಿ. ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಒಂದು ಕೌದಿಯಲ್ಲಿ ಎಷ್ಟು ಸಾಲು ಇರುತ್ತದೆ ಅಂತ ಒಮ್ಮೆ ಎಣಿಸಿದವರಿಗೆ ಚೌಕಾಶಿ ಮಾಡಲು ಬಾಯೇ ಬರುವುದಿಲ್ಲ.

ಉಳಿದ ಎರಡು ಮಷೀನಿನ ಬಗ್ಗೆ ಚುಟುಕಾಗಿ. ಸಿಂಗರ್ 15 ಗಟ್ಟಿ ಮಷೀನು. ದುಂಡು ಬಾಬಿನ್, ತೋಳಿನ ಕೆಳಗೆ ಜಾಗ ಜಾಸ್ತಿ, ದಪ್ಪ ಅಂಚಿಗೆ 28ಕ್ಕಿಂತ ಧೈರ್ಯವಾಗಿ ಹೋಗುತ್ತದೆ. ಕಾಲಲ್ಲಿ ತುಳಿಯುವುದರಿಂದ ಎರಡೂ ಕೈ ಖಾಲಿ. ಜೋತುಬೀಳುವ ಭಾರಕ್ಕೆ ಪಕ್ಕದಲ್ಲಿ ಒಂದು ಕುರ್ಚಿ ಇಟ್ಟುಕೊಳ್ಳಬೇಕು. ಉಷಾ ನಮ್ಮ ದೇಶದ್ದೇ. ಕಲ್ಕತ್ತದ ಜಯ್ ಇಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಶುರು ಮಾಡಿದ್ದು. ಕಪ್ಪು ಉಷಾದ ಒಳಗಿನ ಕೆಲಸ 15ರ ಮಾದರಿಯದೇ. ಅದಕ್ಕೇ ಬಾಬಿನ್, ಕೇಸ್, ಸೂಜಿ ಯಾವ ಓಣಿಯಲ್ಲಾದರೂ ಸಿಗುತ್ತವೆ. ಒಂದೇ ಮಷೀನು ಇಡುವಷ್ಟು ಜಾಗ, ದುಡ್ಡು ಇರುವವರು, ಅದೇ ಮಷೀನಿನಲ್ಲಿ ಬ್ಲೌಸೂ ಹೊಲಿಯಬೇಕು ಅನ್ನುವವರು ಹಳೇ ಉಷಾ ತಗೊಳ್ಳಿ.

ಕೊಳ್ಳುವವರಿಗೆ ಎರಡು ಎಚ್ಚರಿಕೆ. ಈಗ ಹಳೇ ಮಷೀನುಗಳಿಗೆ ಬಂಗಾರದ ಪೇಂಟ್ ಹೊಡೆದು ಹೋಟೆಲ್, ಬಟ್ಟೆ ಅಂಗಡಿಗಳಿಗೆ ಶೋಕಿಗೆ ಮಾರುತ್ತಾರೆ. ಅಂಥ ಒಂದನ್ನು ಆನ್‌ಲೈನ್ ಮಾರಾಟಗಾರರೊಬ್ಬರು ನನ್ನ ಗೆಳತಿಗೆ 9,000ಕ್ಕೆ ಕೊಟ್ಟರು. ಚೆನ್ನಾಗಿ ಓಡುತ್ತದೆ ಅಂತ ಬರೆದಿದ್ದರು. ಬಿಚ್ಚಿ ನೋಡಿದರೆ ಪೇಂಟ್ ಎಣ್ಣೆ ಹಾಕುವ ತೂತುಗಳೊಳಗೂ ಇಳಿದಿತ್ತು, ಶಟಲ್ ಇರಲೇ ಇಲ್ಲ. ವಾಪಸ್ ತಗೊಳ್ಳಲು ಒಪ್ಪಲಿಲ್ಲ. ನನಗೆ ಇದು ನೋಡಿದರೆ ನಿಜವಾಗಲೂ ಸಂಕಟವಾಗುತ್ತದೆ. ಇನ್ನೂ ಐವತ್ತು ವರ್ಷ ಹೊಲಿಯಬಹುದಾಗಿದ್ದ ಮಷೀನು ಅದು. ಓಡುವ ವಿಡಿಯೋ ಕೇಳಿ, ಅದರಲ್ಲಿ ಬಟ್ಟೆ ಇಟ್ಟು ಹೊಲಿದು, ಹೊಲಿಗೆಯ ಎರಡೂ ಮಗ್ಗುಲು ತೋರಿಸಲಿ.

ಎರಡನೆಯದು, ಹಳೇ ಸಿಂಗರಿನಲ್ಲಿ ಕೆಂಪು ಪಾದರಸ ಇದೆ, ಲಕ್ಷಗಟ್ಟಲೆ ಬೆಲೆ ಅನ್ನುವ ಮಾತು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ಗಾಳಿಸುದ್ದಿ ಹಬ್ಬಿ ಜನ ಹಳೇ ಮಷೀನಿಗೆ ಮುಗಿಬಿದ್ದರು. ಅದು ಶುದ್ಧ ಸುಳ್ಳು ಅಂತ ಅಲ್ಲಿನ ಪೊಲೀಸರೇ ಹೇಳಿದರು. ನಮ್ಮ ಓಣಿಯಲ್ಲಿ ಈಗಲೂ ಒಬ್ಬರು ಇದನ್ನೇ ನಂಬಿ ಮಷೀನು ಮಾರದೆ ಮಾಳಿಗೆಯಲ್ಲಿ ತುಕ್ಕು ಹಿಡಿಸುತ್ತಿದ್ದಾರೆ. ಅದರಲ್ಲಿ ಇರುವುದು ಕಬ್ಬಿಣ, ಉಕ್ಕು, ಅಷ್ಟೇ. ನಡೆಯುವ 28ಕ್ಕೆ ನಮ್ಮೂರಲ್ಲಿ ಮೂರರಿಂದ ಐದು ಸಾವಿರ ಕೊಡಬಹುದು. ಮರದ ಡಬ್ಬಿ, ಬೀಗ, ನಾಲ್ಕೈದು ಬಾಬಿನ್ ಸಮೇತ ಇದ್ದರೆ ಇನ್ನೊಂದು ಸಾವಿರ ಜಾಸ್ತಿ ಕೊಟ್ಟರೂ ಬೇಜಾರಿಲ್ಲ. ಶಟಲ್ ಇಲ್ಲದ್ದಕ್ಕೆ ಗುಜರಿ ತೂಕದ ಬೆಲೆ ಮಾತ್ರ ಕೊಡಿ. ಅದೂ ಬಿಡಿಭಾಗಕ್ಕೆ ಬೇಕಿದ್ದರೆ ಮಾತ್ರ.

ತಂದ ಮೇಲೆ ನೋಡಿಕೊಳ್ಳುವುದು ಸುಲಭ. ವಾರಕ್ಕೊಮ್ಮೆ ತಗಡು ತೆಗೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ನೂಲಿನ ಕಸ ತೆಗೆಯಿರಿ. ಕೌದಿ ಕೆಲಸದಲ್ಲಿ ಕಸ ಜಾಸ್ತಿ ಬೀಳುತ್ತದೆ. ಎಣ್ಣೆಯ ತೂತಿಗೆ ಒಂದೊಂದು ಹನಿ ಮಷೀನಿನ ಎಣ್ಣೆ ಹಾಕಿ. ಹಾಕಿದ ಮೇಲೆ ಒಂದು ಚಿಂದಿಯ ಮೇಲೆ ದಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಸೋರಿದ ಎಣ್ಣೆ ಚಿಂದಿಗೆ ಹೋಗಲಿ, ಕೌದಿಗೆ ಬೇಡ. ರಿಪೇರಿಗೆ ಒಯ್ಯುವಾಗ ಶಟಲ್ ಮತ್ತು ಬಾಬಿನ್ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ದಾರಿಯಲ್ಲಿ ಬಿದ್ದರೆ ಕಲಬುರಗಿಯಲ್ಲಿ ಇನ್ನೊಂದು ಸಿಗುವುದು ಕಷ್ಟ.